ಅಪ್ಪನ ಎಡಪಕ್ಕೆಯ ಅಳತೆ

ನನ್ನ ಡೈರಿಯಲ್ಲಿ 2001ರ ಜೂನ್ ಹನ್ನೊಂದು, ಸೋಮವಾರದ ಪುಟದಲ್ಲಿ ಇರುವುದು ಎರಡೇ ಸಾಲು. ಮಳೆ ಇಲ್ಲ. ಅಪ್ಪ ಒಂದೇ ಮುದ್ದೆ ಉಂಡು ಎದ್ದ.

ಆಗ ನಾನು ತಿಪಟೂರಿನಲ್ಲಿ ಡಿಗ್ರಿಯ ಕೊನೆಯ ವರ್ಷ ಓದುತ್ತಿದ್ದೆ. ಹಾಲ್ಕುರಿಕೆ ಕಡೆಯ ನಮ್ಮ ಊರಿನಿಂದ ದಿನಾ ಬಸ್ಸಿನಲ್ಲಿ ಹೋಗಿ ಬರುತ್ತಿದ್ದೆ. ಬಸ್ಸು ಎಷ್ಟು ನಿಮಿಷ ತಡವಾಯಿತು, ಹಸು ಎಷ್ಟು ಲೀಟರ್ ಕರೆಯಿತು, ಅಟ್ಟದಿಂದ ಎಷ್ಟು ಕಾಯಿ ಇಳಿಸಿದರು ಎಂದು ಬರೆದಿಡುವುದು ಹೈಸ್ಕೂಲಿನಲ್ಲಿ ಹತ್ತಿದ ಚಟ. "ಇದು ಶಾನುಭೋಗರ ಮನೇಲಿ ಹುಟ್ಬೇಕಾಗಿತ್ತು, ದಾರಿ ತಪ್ಪಿ ನಮ್ಮನೇಲಿ ಹುಟ್ಟೈತೆ" ಎಂದು ಅವ್ವ ಆಡಿಕೊಳ್ಳುತ್ತಿದ್ದಳು. ದಿನಾ ಎರಡು ಮುದ್ದೆ ಉಣ್ಣುತ್ತಿದ್ದ ಅಪ್ಪ ಒಂದಕ್ಕೇ ಕೈ ತೊಳೆದದ್ದು ಕಣ್ಣಿಗೆ ಬಿದ್ದಿರಬೇಕು, ಬರೆದೆ. ಮುಂದಿನ ಸೋಮವಾರವೂ ಒಂದೇ. ಜೂನ್ ಇಪ್ಪತ್ತೈದಕ್ಕೆ ಮುಕ್ಕಾಲು. ಜುಲೈ ಎರಡಕ್ಕೆ ಅರ್ಧ.

"ಸಾರಿಗೆ ಉಪ್ಪು ಜಾಸ್ತಿ ಆಯ್ತೇನ್ರೀ?" ಎಂದು ಅವ್ವ ಕೇಳಿದಳು.

"ಸಾರಿಗೇನಾಗೈತೆ. ಎರಡು ತುತ್ತಿಗೇ ಹೊಟ್ಟೆ ತುಂಬ್ದಂಗಾಗ್ತೈತೆ ಕಣೇ."

ಅದೇ ವಾರ ಅಪ್ಪ ಕಾಯಿ ಸುಲಿಯುವುದನ್ನು ನಿಲ್ಲಿಸಿದ. ನೆಲಕ್ಕೆ ನೆಟ್ಟ ಕಬ್ಬಿಣದ ಗೂಟಕ್ಕೆ ಕಾಯಿ ಚುಚ್ಚಿ ಮೈಭಾರ ಹಾಕಿ ಬಗ್ಗಿದರೆ ಎಡಪಕ್ಕೆಯಲ್ಲಿ ಏನೋ ಅಡ್ಡ ಸಿಕ್ಕಿದ ಹಾಗಾಗುತ್ತದೆ ಎಂದ. ಸಂಜೆ ಮೈ ಬೆಚ್ಚಗಿರುತ್ತಿತ್ತು. ನಾನು ಕಾಲೇಜಿನ ಬಸ್ಸಿಳಿದು ಒಂದು ಥರ್ಮಾಮೀಟರ್ ತಂದೆ. 99.2. 99.6. ಮತ್ತೆ 99.2.

ಜುಲೈ ಒಂಬತ್ತಕ್ಕೆ ತಿಪಟೂರಿನ ಡಾಕ್ಟರ ಹತ್ತಿರ ಹೋದೆವು. ಅವರು ಅಪ್ಪನನ್ನು ಮಲಗಿಸಿ, ಉಸಿರು ಎಳೆದುಕೊಳ್ಳಲು ಹೇಳಿ, ಎಡಗಡೆಯ ಪಕ್ಕೆಲುಬಿನ ಕೆಳಗೆ ಕೈಯಿಟ್ಟು ನೋಡಿದರು. ನನ್ನ ಕೈ ಹಿಡಿದು ಅಲ್ಲಿಗೇ ಇಡಿಸಿದರು. ಚರ್ಮದ ಕೆಳಗೆ ಗಟ್ಟಿಯಾದ ಒಂದು ಅಂಚು ಇತ್ತು. ಅಪ್ಪ ಉಸಿರು ಬಿಟ್ಟಾಗ ಅದು ಮೇಲಕ್ಕೆ ಜಾರಿ, ಎಳೆದುಕೊಂಡಾಗ ಮತ್ತೆ ಬಂದು ನನ್ನ ಬೆರಳಿಗೆ ತಾಗಿತು.

"ಗುಲ್ಮ ಊದಿದೆ. ನಾಲ್ಕು ಬೆರಳು. ನಿಮ್ಮ ಕಡೆ ಜ್ವರಗಡ್ಡೆ ಅಂತಾರಲ್ಲ, ಅದು. ಮಲೇರಿಯಾ ಇರಬಹುದು, ಮಾತ್ರೆ ಕೊಡ್ತೀನಿ, ರಕ್ತಾನೂ ನೋಡೋಣ."

ಮಾರನೆಯ ಬೆಳಿಗ್ಗೆ ಅಪ್ಪನನ್ನು ಮಂಚದ ಮೇಲೆ ಮಲಗಿಸಿ ನಾನೇ ಅಳೆದೆ. ಆರು ಬೆರಳು. ಒಂದೇ ದಿನಕ್ಕೆ ಎರಡು ಬೆರಳು ಬೆಳೆದಿತ್ತು. ಯಾರಿಗೂ ಹೇಳದೆ, ಕಾಲೇಜು ಬಿಟ್ಟು, ಮೊದಲ ಬಸ್ಸಿಗೆ ಡಾಕ್ಟರ ಬಾಗಿಲಿಗೆ ಹೋಗಿ ನಿಂತೆ. ಅವರು ನನ್ನ ಕೈಯನ್ನು ತಮ್ಮ ಕೈಯ ಪಕ್ಕ ಇಟ್ಟು ತೋರಿಸಿದರು. ಅವರ ನಾಲ್ಕು ಬೆರಳಿನ ಅಗಲಕ್ಕೆ ನನ್ನ ಆರು ಬೆರಳು ಬೇಕಿತ್ತು. "ನಿನ್ನ ಬೆರಳು ಸಣ್ಣವು ಕಣಮ್ಮ, ಹೆದರ್ಕೋಬೇಡ" ಎಂದು ನಕ್ಕರು. ನಾನೂ ನಕ್ಕೆ. ಹೆದರಿಕೆ ಮಾತ್ರ ಹಾಗೇ ಇತ್ತು.

ಆವತ್ತಿನಿಂದ ದಿನಾ ಬೆಳಿಗ್ಗೆ ಅಪ್ಪ ಕಾಫಿ ಕುಡಿಯುವ ಮೊದಲು ಅಳೆಯುತ್ತಿದ್ದೆ. ಆರು, ಆರು, ಆರೂವರೆ. ಮಲೇರಿಯಾದ ಮಾತ್ರೆ ಮುಗಿಯಿತು. ಮೂರು ಸಲ ರಕ್ತ ನೋಡಿದರೂ ಮಲೇರಿಯಾ ಇರಲಿಲ್ಲ. ಏಳು. ಜುಲೈ ಮೂವತ್ತಕ್ಕೆ ತುಮಕೂರಿನಲ್ಲಿ ಸ್ಕ್ಯಾನ್ ಮಾಡಿಸಿದೆವು. ಹನ್ನೆರಡು ಸೆಂಟಿಮೀಟರ್ ಒಳಗೆ ಇರಬೇಕಾದ ಗುಲ್ಮ ಇಪ್ಪತ್ಮೂರು ಇತ್ತು. ಬೆಂಗಳೂರಿಗೆ ಹೋಗಿ ಎಂದು ಚೀಟಿ ಕೊಟ್ಟರು.

ಆಗಸ್ಟ್ ಎಂಟಕ್ಕೆ ಬೆಂಗಳೂರಿನ ಆಸ್ಪತ್ರೆಯಲ್ಲಿ ದೊಡ್ಡ ಡಾಕ್ಟರು ನನ್ನ ಡೈರಿ ಪುಸ್ತಕ ತಿರುವಿ ನೋಡಿದರು. ಮುದ್ದೆಯ ಲೆಕ್ಕ, ಜ್ವರದ ಲೆಕ್ಕ, ತೂಕದ ಲೆಕ್ಕ ನೋಡಿ ಒಳ್ಳೆಯ ಕೆಲಸ ಮಾಡಿದ್ದೀಯ ಎಂದರು. ಬೆರಳಿನ ಲೆಕ್ಕದ ಹತ್ತಿರ ನಿಂತರು.

"ದಿನಾ ಒತ್ತಿ ನೋಡ್ತಿದ್ಯಾ?"

"ಹೂಂ ಸಾರ್."

"ಇನ್ನು ಮುಟ್ಟಬೇಡ. ಇಷ್ಟು ಊದಿದ ಮೇಲೆ ಅದು ರಕ್ತ ತುಂಬಿದ ಚೀಲ ಇದ್ದ ಹಾಗೆ. ಜೋರಾಗಿ ಒತ್ತಿದರೆ, ಬಿದ್ದರೆ, ಸೈಕಲ್ ಹ್ಯಾಂಡಲ್ ತಾಗಿದರೆ ಒಡೆದು ಹೋಗಬಹುದು."

ಜುಲೈ ಹತ್ತರಿಂದ ಆಗಸ್ಟ್ ಏಳರವರೆಗೆ ಇಪ್ಪತ್ತೊಂಬತ್ತು ದಿನ. ಇಪ್ಪತ್ತೊಂಬತ್ತು ಸಲ ನಾನು ಅದನ್ನು ಒತ್ತಿದ್ದೆ. ಕೆಲವು ದಿನ ಅಂಚು ಸರಿಯಾಗಿ ಸಿಗಲಿಲ್ಲ ಎಂದು ಎರಡೆರಡು ಸಲ. ಆ ರಾತ್ರಿ ಮನೆಯಲ್ಲಿ ಪುಸ್ತಕ ಬಿಚ್ಚಿದಾಗ ನನ್ನ ಬೆರಳುಗಳೇ ನನಗೆ ಆಗಿಬರಲಿಲ್ಲ.

ಅದಾದ ಮೇಲೆ ಎಲ್ಲವೂ ಹೆದರಿಕೆಯ ವಸ್ತುವಾಯಿತು. ಕೊಟ್ಟಿಗೆಯಲ್ಲಿ ಹಸು ಕೊಂಬು ಆಡಿಸಿದರೆ ಹೆದರಿಕೆ. ಬಸ್ಸಿನ ಹಿಂದಿನ ಸೀಟು ಕುಲುಕುತ್ತದೆಂದು ಬೆಂಗಳೂರಿಗೆ ರೈಲಿನಲ್ಲೇ ಓಡಾಟ. ಒಂದು ಮಧ್ಯಾಹ್ನ ಕಾಲೇಜಿನಿಂದ ಬರುವಷ್ಟರಲ್ಲಿ ಅಪ್ಪ ಅಟ್ಟದ ಏಣಿಯ ತುದಿಯಲ್ಲಿದ್ದ. ನಮ್ಮ ಕಡೆ ಕಾಯಿಯನ್ನು ಸಿಪ್ಪೆ ಸಮೇತ ಹತ್ತು ಹನ್ನೊಂದು ತಿಂಗಳು ಅಟ್ಟದ ಮೇಲೆ ಬಿಡುತ್ತಾರೆ. ಒಳಗಿನ ನೀರು ತಾನಾಗಿ ಇಂಗಿ ತಿರುಳು ಚಿಪ್ಪಿನಿಂದ ಬಿಟ್ಟುಕೊಂಡು ಉಂಡೆ ಕೊಬ್ಬರಿಯಾಗುತ್ತದೆ. ಅಪ್ಪ ಒಂದೊಂದೇ ಕಾಯಿಯನ್ನು ಕಿವಿಯ ಹತ್ತಿರ ಅಲ್ಲಾಡಿಸಿ ನೋಡುತ್ತಿದ್ದ. ನಾನು ಕೂಗಿದರೆ ಬೆಚ್ಚಿ ಬಿದ್ದಾನೆಂದು ಕೂಗದೆ, ಹೋಗಿ ಏಣಿಯ ಎರಡು ಕಾಲನ್ನೂ ಅಪ್ಪಿ ಹಿಡಿದು ನಿಂತೆ. ಅವನು ಇಳಿದು ಬರಲು ಹನ್ನೊಂದು ಮೆಟ್ಟಿಲು. ಪ್ರತಿ ಮೆಟ್ಟಿಲಿಗೂ ಅವನ ಹಿಮ್ಮಡಿ ನನ್ನ ತಲೆಗೆ ತಾಗುವಷ್ಟು ಹತ್ತಿರ ಬರುತ್ತಿತ್ತು.

ಬೆಂಗಳೂರಿನಲ್ಲಿ ಸೊಂಟದ ಮೂಳೆಗೆ ಸೂಜಿ ಹಾಕಿ ಮಜ್ಜೆ ತೆಗೆದು ನೋಡಿದ್ದರು. ಆಗಸ್ಟ್ ಇಪ್ಪತ್ತಕ್ಕೆ ಅದರ ಫಲಿತಾಂಶ ಬಂತು. ಅನುಮಾನ ಇದೆ, ಖಚಿತ ಇಲ್ಲ ಎಂದು ಬರೆದಿತ್ತು. ದೊಡ್ಡ ಡಾಕ್ಟರು ಅಪ್ಪನನ್ನು ಎದುರಿಗೆ ಕೂರಿಸಿಕೊಂಡು ಹೇಳಿದರು.

"ರೋಗ ಗುಲ್ಮದಲ್ಲೇ ಕೂತಿದೆ. ಅಲ್ಲಿಂದ ಚೂರು ತೆಗೆದು ನೋಡೋಣ ಅಂದರೆ, ಸೂಜಿ ಹಾಕಿದ ಜಾಗದಲ್ಲಿ ರಕ್ತ ನಿಲ್ಲದೆ ಹೋಗಬಹುದು. ಅದಕ್ಕೇ ಇಡೀ ಗುಲ್ಮಾನೇ ಆಪರೇಷನ್ ಮಾಡಿ ತೆಗೀತೀವಿ. ತೆಗೆದ ಮೇಲೆ ರೋಗ ಯಾವುದು ಅಂತ ಗೊತ್ತಾಗುತ್ತೆ. ನಮ್ಮ ಅಂದಾಜು ಸರಿಯಿದ್ದರೆ, ತೆಗೆದದ್ದೇ ಚಿಕಿತ್ಸೆನೂ ಆಗುತ್ತೆ."

"ಏನು ಅಂತ ತಿಳೀದೆ ಕುಯ್ತೀರಾ?" ಎಂದ ಅಪ್ಪ.

"ತಿಳ್ಕೊಳ್ಳೋಕೇ ಕುಯ್ಯೋದು."

ಅಪ್ಪನನ್ನು ಹೊರಗೆ ಕೂರಿಸಿ ಡಾಕ್ಟರು ನನ್ನೊಬ್ಬಳನ್ನೇ ಮತ್ತೆ ಒಳಗೆ ಕರೆದರು. ಅಂದಾಜು ಲಿಂಫೋಮಾ ಎಂದರು. ನನಗೆ ತಿಳಿಯದ್ದನ್ನು ನೋಡಿ, ಒಂದು ಬಗೆಯ ಕ್ಯಾನ್ಸರ್ ಎಂದು ಬಿಡಿಸಿ ಹೇಳಿದರು. ಗುಲ್ಮ ತೆಗೆದವರಿಗೆ ಸೋಂಕು ಬೇಗ ತಗಲುತ್ತದೆ, ಅದಕ್ಕೆ ಈಗಲೇ ಒಂದು ಲಸಿಕೆ ಹಾಕುತ್ತೇವೆ, ಅದು ಹಿಡಿಯಲು ಎರಡು ವಾರ ಬೇಕು, ಆಪರೇಷನ್ ಸೆಪ್ಟೆಂಬರ್ ಆರಕ್ಕೆ ಎಂದರು. "ಅಲ್ಲೀತನಕ ಜ್ವರ ಜಾಸ್ತಿಯಾದ್ರೂ ಸರಿ, ಮೈಮೇಲೆ ಒಂದು ಗಾಯ ಆದ್ರೂ ಸರಿ, ಫೋನ್ ಮಾಡಬೇಕು."

ರೈಲಿನಲ್ಲಿ ಅಪ್ಪ ಕಿಟಕಿಯ ಪಕ್ಕ ಕೂತಿದ್ದ. ಗುಬ್ಬಿ ದಾಟಿದ ಮೇಲೆ ಹೇಳಿದ: "ಒಡೀದೇನೇ ಬರೀ ಅಲ್ಲಾಡಿಸಿ ಹೇಳ್ತೀನಲ್ಲವ್ವ ನಾನು, ಒಳಗೆ ನೀರೈತೋ, ಕೊಬ್ರಿ ಆಗೈತೋ, ಕೊಳ್ತೈತೋ ಅಂತ. ಮೂರನೇ ಕ್ಲಾಸು ಓದ್ದೋನು. ಅಷ್ಟು ಓದ್ದೋರಿಗೆ ಹೊರಗಿಂದ ಹೇಳಾಕಾಗಲ್ವಾ?"

ಡಾಕ್ಟರು ಒಳಗೆ ಕರೆದು ಏನೆಂದರು ಎಂದು ಅವನು ಕೇಳಲಿಲ್ಲ. ನಾನು ಹೇಳಲಿಲ್ಲ. ಆ ದಿನದ ಪುಟದಲ್ಲಿ ಲಸಿಕೆ ಹಾಕಿದ ಹೊತ್ತು ಬರೆದೆ, ಆಪರೇಷನ್ ತಾರೀಖು ಬರೆದೆ. ಆ ಪದವನ್ನು ಬರೆಯಲಿಲ್ಲ. ಅವ್ವನಿಗೆ, ಗಡ್ಡೆಯಂತೆ, ತೆಗೆಯುತ್ತಾರಂತೆ ಎಂದೆ.

ಮಾರನೆಯ ದಿನ ಗೌರಿ ಹಬ್ಬ. ಅಪ್ಪನ ಅಕ್ಕ, ನನ್ನ ಸೋದರತ್ತೆ, ತುರುವೇಕೆರೆ ಕಡೆಯ ಊರಿನಿಂದ ವರ್ಷ ವರ್ಷವೂ ಬರುವ ಹಾಗೆ ತವರಿಗೆ ಬಂದಳು. ಬಾಗಿನ ಇಸಕೊಂಡು, ಅರಿಶಿನ ಕುಂಕುಮ ಹಚ್ಚಿಸಿಕೊಂಡು, ಊಟಕ್ಕೆ ಕೂತಾಗ ಅಪ್ಪನ ಎಲೆ ನೋಡಿದಳು. ಒಬ್ಬಟ್ಟು ಮುರಿದು ಹಾಗೇ ಇತ್ತು. ಅವ್ವ ಎಲ್ಲಾ ಹೇಳಿದಳು.

"ಲೇ, ಜ್ವರಗಡ್ಡೆಗೆ ಯಾರಾದ್ರೂ ಹೊಟ್ಟೆ ಕುಯ್ಸ್ಕತ್ತಾರೇನ್ಲಾ?" ಎಂದಳು ಅತ್ತೆ. "ಒಂದು ಚಟಿಕೆ ಹಾಕ್ಸಿದ್ರೆ ಕರಗೋಗ್ತೈತೆ."

ಚಟಿಕೆ ಎಂದರೆ ಕೆಂಡದಲ್ಲಿ ಕಾಯಿಸಿದ ಅರಿಶಿನದ ಕೊಂಬಿನಿಂದ ಮೈ ಸುಡುವುದು. ಗಡ್ಡೆ ಎಲ್ಲಿದೆಯೋ ಅದರ ಮೇಲೆ ಚುಕ್ಕೆ ಚುಕ್ಕೆಯಾಗಿ.

"ಗಾಯ ಆಗ್ಬಾರ್ದು ಅಂದವ್ರೆ ಅತ್ತೆ" ಎಂದೆ.

"ಗಾಯ ಯಾಕಾದಾತು. ಇಲ್ನೋಡು ಬಾ." ನಡುಮನೆಗೆ ಎಳೆದುಕೊಂಡು ಹೋಗಿ ಸೆರಗು ಸರಿಸಿ ತೋರಿಸಿದಳು. ಎಡಪಕ್ಕೆಯ ಕೆಳಗೆ ಹುಣಸೆಬೀಜದಷ್ಟು ಅಗಲದ ಐದು ಬಿಳಿ ಕಲೆಗಳು. "ಎಂಟು ವರ್ಷದೋಳು ನಾನು. ಹೊಟ್ಟೆ ಮಡಕೆ ಆಗಿತ್ತು, ಮಣ್ಣು ಮಾಡಾದೇ ಬಾಕಿ ಅಂತಿದ್ರು. ನಿಮ್ಮ ತಾತ ಚಟಿಕೆ ಹಾಕ್ಸ್ದ. ಈಗ ಅರವತ್ತೆರಡು. ನಾಲ್ಕು ಹೆತ್ತಿವ್ನಿ. ಬರ್ಕೋ ಇದ್ನೂ ನಿನ್ನ ಬುಕ್ಕಲ್ಲಿ."

ಐದು ಕಲೆಗಳನ್ನು ನಾನು ಎಣಿಸಿದ್ದೆ. ಕಣ್ಣಾರೆ ಕಂಡದ್ದು. ಅತ್ತೆ ಹಬ್ಬ ಮುಗಿದರೂ ಹೋಗಲಿಲ್ಲ. ದಿನಾ ಒಂದು ಸಲವಾದರೂ ಆ ಮಾತು ಬರುತ್ತಿತ್ತು. ಅಪ್ಪ ಹೂಂ ಎನ್ನಲಿಲ್ಲ, ಊಹೂಂ ಎನ್ನಲಿಲ್ಲ. ಶನಿವಾರ ಸಂಜೆ ನಾನು ಜ್ವರ ನೋಡುವಾಗ ಬಾಯಿಂದ ಥರ್ಮಾಮೀಟರ್ ತೆಗೆದು ಕೇಳಿದ.

"ಒಂದ್ಸಲ ಹಾಕ್ಸಿ ನೋಡಾನೇನವ್ವ? ಕರಗಿದ್ರೆ ಕರಗ್ತು. ಇಲ್ದಿದ್ರೆ ಕುಯ್ಸೋದು ಇದ್ದೇ ಐತಲ್ಲ. ನೀನು ಬ್ಯಾಡ ಅಂದ್ರೆ ಬುಡ್ತೀನಿ."

ತೀರ್ಮಾನವನ್ನು ಅವನು ನನ್ನ ಕೈಗೆ ಕೊಟ್ಟ. ಡಾಕ್ಟರು ಹೇಳಿದ ಪದ ಆ ಮನೆಯಲ್ಲಿ ಗೊತ್ತಿದ್ದದ್ದು ನನ್ನೊಬ್ಬಳಿಗೇ. ಗಾಯ ಆಗಬಾರದು ಎಂದದ್ದೂ ನೆನಪಿತ್ತು. ಆದರೆ ಅತ್ತೆಗೆ ಬಂದಿದ್ದ ರೋಗವೇ ಅಪ್ಪನಿಗೂ ಬಂದಿರಲಿ ಎಂದು ನನಗೆ ಎಷ್ಟು ಆಸೆಯಾಗಿತ್ತೆಂದರೆ, ಚಟಿಕೆಗೆ ಅದು ಕರಗಿಬಿಟ್ಟರೆ ಡಾಕ್ಟರ ಪದವೇ ಸುಳ್ಳಾಗುತ್ತದೆ ಎಂದು ನನ್ನ ಲೆಕ್ಕ ಹೇಳಿತು. ಹೂಂ ಎಂದೆ.

ಭಾನುವಾರ ಬೆಳಿಗ್ಗೆ, ಬಿಸಿಲು ಅಂಗಳಕ್ಕೆ ಬರುವ ಮೊದಲು, ಪಕ್ಕದ ಊರಿನಿಂದ ಒಬ್ಬ ಮುದುಕ ಬಂದ. ಕಾಯಿಚಿಪ್ಪು ಉರಿಸಿ ಕೆಂಡ ಮಾಡಿದರು. ಅಪ್ಪ ಬರಿಹೊಟ್ಟೆಯಲ್ಲಿ ಚಾಪೆಯ ಮೇಲೆ ಮಲಗಿದ. ಅತ್ತೆ ಅವನ ಕಾಲು ಹಿಡಿದುಕೊಂಡಳು. ಅವ್ವ ಗೋಡೆಯ ಕಡೆ ತಿರುಗಿ ನಿಂತಳು. ಮುದುಕ ಅಂಚು ಎಲ್ಲಿದೆ ಎಂದು ತಡಕಿದಾಗ, ಹೆಚ್ಚು ಒತ್ತಬೇಡಿ ತಾತ ಎಂದೆ. ಅದೊಂದೇ ನಾನು ಆಡಿದ ಮಾತು. ಏಳು ಸಲ ಮುಟ್ಟಿಸಿದ. ಅಪ್ಪ ಒಂದೊಂದಕ್ಕೂ ಶಿವಾ ಎಂದ. ನಾಲ್ಕನೆಯದಕ್ಕೆ ಮಾತ್ರ ದನಿ ಬರಲಿಲ್ಲ. ಬೆಣ್ಣೆ ಸವರಿ ವೀಳ್ಯದೆಲೆ ಮುಚ್ಚಿದರು. ಸುಟ್ಟ ವಾಸನೆ ನಡುಮನೆಯಲ್ಲಿ ಮಧ್ಯಾಹ್ನದವರೆಗೂ ಇತ್ತು.

ಆ ಪುಸ್ತಕ ಡಾಕ್ಟರ ಕೈಗೆ ಹೋಗುವ ಪುಸ್ತಕ. ಆಗಸ್ಟ್ ಇಪ್ಪತ್ತಾರರ ಪುಟದಲ್ಲಿ ತಾರೀಖು ಹಾಕಿ, ಹಸುವಿನ ಹಾಲು ನಾಲ್ಕು ಲೀಟರ್ ಎಂದು ಬರೆದು, ಪೆನ್ನು ಮುಚ್ಚಿದೆ.

ಸೋಮವಾರ 99.4. ಮಂಗಳವಾರ 99.8. ಬುಧವಾರ 101. ಗುರುವಾರ 102.2, ಜೊತೆಗೆ ಚಳಿ. ಸುಟ್ಟ ಏಳು ಜಾಗದಲ್ಲಿ ನಾಲ್ಕಕ್ಕೆ ಎಲೆ ಅಂಟಿಕೊಂಡಿತ್ತು. ಬಿಡಿಸಿದರೆ ಕೀವು. ಹೊಲಸೆಲ್ಲಾ ಹೊರಗೆ ಬರುತ್ತಿದೆ, ಒಳ್ಳೆಯದೇ ಎಂದಳು ಅತ್ತೆ. ಅವಳ ದನಿಯಲ್ಲೂ ಮೊದಲಿನ ಗಟ್ಟಿ ಇರಲಿಲ್ಲ.

ತಿಪಟೂರಿನ ಎಸ್‌ಟಿಡಿ ಬೂತಿನಿಂದ ಫೋನ್ ಮಾಡಿದೆ. ಗಾಜಿನ ಬಾಗಿಲು ಎಳೆದುಕೊಂಡು, ಪುಸ್ತಕವನ್ನು ಮೊಣಕಾಲ ಮೇಲೆ ಇಟ್ಟು ಓದಿ ಹೇಳಿದೆ. ಆ ಕಡೆ ಒಬ್ಬರು ಕಿರಿಯ ಡಾಕ್ಟರು.

"ಕೆಮ್ಮು?"

"ಇಲ್ಲ ಸಾರ್."

"ಮೂತ್ರ ಉರಿ?"

"ಇಲ್ಲ."

"ಮೈಮೇಲೆ ಎಲ್ಲಾದರೂ ಗಾಯ?"

ಮೀಟರಿನ ಕೆಂಪು ಅಂಕಿ ಒಂದು ಸಲ ಬದಲಾಯಿತು.

"ಇಲ್ಲ ಸಾರ್."

"ಹಾಗಾದರೆ ರೋಗವೇ ಜೋರಾಗ್ತಿರಬಹುದು. ಕಾಯೋದು ಬೇಡ, ನಾಳೆನೇ ಕರ್ಕೊಂಡು ಬನ್ನಿ."

ಹಾಗಲ್ಲ ಎಂದು ಹೇಳಲು ನನಗೆ ಇಡೀ ಒಂದು ರಾತ್ರಿ ಮತ್ತು ರೈಲಿನ ಅಷ್ಟೂ ಹೊತ್ತು ಇತ್ತು. ಮರುದಿನ ವಾರ್ಡಿನಲ್ಲಿ ಕಿರಿಯ ಡಾಕ್ಟರು ನನ್ನ ಪುಸ್ತಕ ಹಿಡಿದು ದೊಡ್ಡ ಡಾಕ್ಟರಿಗೆ ವಿವರಿಸುತ್ತಿದ್ದರು. ನಾಲ್ಕು ದಿನದಲ್ಲಿ ಜ್ವರ ಹೀಗೆ ಏರಿದೆ, ರೋಗದ ಸ್ವಭಾವ ಬದಲಾಗಿರಬಹುದು, ನಾಳೆಯೇ ಆಪರೇಷನ್‌ಗೆ ತೆಗೆದುಕೊಳ್ಳಬೇಕಾಗಬಹುದು ಎಂದರು. ಆಗಲೂ ನಾನು ಬಾಯಿ ಬಿಡಲಿಲ್ಲ. ದೊಡ್ಡ ಡಾಕ್ಟರು ಅಪ್ಪನ ಅಂಗಿ ಎತ್ತಿದರು. ಪಂಚೆಯ ಚೂರು ಮಡಿಸಿ ಕಟ್ಟಿದ್ದನ್ನು ಬಿಚ್ಚಿದರು.

ಏಳೂ ಸುಟ್ಟ ಗಾಯಗಳ ಮೇಲೆ ಕಣ್ಣಾಡಿಸಿದರು.

"ಯಾವತ್ತು ಹಾಕಿಸಿದ್ದು?"

"ಭಾನುವಾರ, ಸ್ವಾಮಿ" ಎಂದ ಅಪ್ಪ.

ಅವರು ಪುಸ್ತಕ ಇಸಕೊಂಡು ಭಾನುವಾರದ ಪುಟ ತೆಗೆದರು. "ಹಸು ಕೊಟ್ಟ ಹಾಲೂ ಬರೆದಿದ್ದೀಯಲ್ಲಮ್ಮ" ಎಂದರು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಆಮೇಲೆ ಅಪ್ಪನಿಗೂ ನನಗೂ ಸೇರಿಸಿ ಹೇಳಿದರು: ಕುಯ್ಯಬೇಕಾದ ಜಾಗ ಇದೇ. ಕೀವು ಇರುವ ಚರ್ಮದ ಮೂಲಕ ಹೊಟ್ಟೆ ತೆರೆದರೆ ಸೋಂಕು ಒಳಗೆ ಹೋಗುತ್ತದೆ. ಗಾಯ ಪೂರ್ತಿ ಮಾಯುವವರೆಗೆ ಆಪರೇಷನ್ ಇಲ್ಲ. ಅಷ್ಟರಲ್ಲಿ ರಕ್ತ ಕಮ್ಮಿಯಾಗದೆ ಇರಲಿ.

ಸೆಪ್ಟೆಂಬರ್ ಆರು ಬಂತು, ಹೋಯಿತು. ಆ ಮೂರು ವಾರ ಆಸ್ಪತ್ರೆಯಲ್ಲೇ ಇದ್ದೆವು. ಪುಸ್ತಕದ ಒಂದು ಪುಟಕ್ಕೆ ಎರಡು ಕಾಲಂ ಹಾಕಿದೆ. ಎಡಗಡೆ ಮಾಯದೆ ಉಳಿದ ಗಾಯಗಳು. ಬಲಗಡೆ ಪ್ಲೇಟ್‌ಲೆಟ್, ರಕ್ತ ಹೆಪ್ಪುಗಟ್ಟಿಸುವ ಕಣಗಳ ಲೆಕ್ಕ. ಊದಿದ ಗುಲ್ಮ ಅವನ್ನು ನುಂಗುತ್ತದೆ ಎಂದಿದ್ದರು. ಏಳು, ತೊಂಬತ್ತು ಸಾವಿರ. ಆರು, ಎಂಬತ್ತೆರಡು. ನಾಲ್ಕು, ಎಪ್ಪತ್ತೊಂದು. ಎರಡು ಕಾಲಂಗಳೂ ಇಳಿಯುತ್ತಿದ್ದವು. ಯಾವುದು ಮೊದಲು ತಳ ಮುಟ್ಟುತ್ತದೆ ಎಂಬುದೇ ನಮ್ಮ ದಿನಗಳಾಗಿದ್ದವು. ಎರಡು, ಅರವತ್ತಮೂರು. ನಾಲ್ಕನೆಯ ಚುಕ್ಕೆ, ಅಪ್ಪನಿಗೆ ದನಿ ಬಾರದೆ ಹೋದದ್ದು, ಎಲ್ಲಕ್ಕಿಂತ ಕೊನೆಗೆ ಮಾಯಿತು.

ಅತ್ತೆ ಒಂದು ದಿನ ಬಂದಳು. ಬಾಗಿಲ ಹತ್ತಿರವೇ ನಿಂತು, "ನಾನೇ ಕೆಡಿಸ್ದೆ ಕಣಪ್ಪ" ಎಂದು ಸೆರಗು ಬಾಯಿಗಿಟ್ಟುಕೊಂಡಳು. "ಬುಡಕ್ಕ, ನಿನ್ನ ಗಡ್ಡೆ ಬ್ಯಾರೆ, ನನ್ನ ಗಡ್ಡೆ ಬ್ಯಾರೆ. ಬಾ ಕೂತ್ಕೋ, ಕಿತ್ತಳೆ ತಿನ್ನು. ಇಲ್ಲಿ ಎಲ್ರೂ ಕಿತ್ತಳೆನೇ ತತ್ತಾರೆ, ಒಬ್ರೂ ಒಂದು ಎಳನೀರು ತರಲ್ಲ" ಎಂದ ಅಪ್ಪ. ಅತ್ತೆ ಅಳುತ್ತಲೇ ನಕ್ಕಳು. ಹೂಂ ಎಂದವಳು ನಾನು ಎಂದು ನಾನು ಅವಳಿಗೆ ಹೇಳಲಿಲ್ಲ.

ಸೆಪ್ಟೆಂಬರ್ ಇಪ್ಪತ್ತು, ಗುರುವಾರ ಬೆಳಿಗ್ಗೆ ಏಳೂವರೆಗೆ ನರ್ಸ್ ಹಸಿರು ಬಟ್ಟೆ ತಂದರು. ಅಪ್ಪನ ಕೊರಳಲ್ಲಿ ಶಿವದಾರ, ಅದರಲ್ಲಿ ಲಿಂಗವಿದ್ದ ಬೆಳ್ಳಿಯ ಕರಡಿಗೆ.

"ಅದನ್ನ ತೆಗೀಬೇಕು ಯಜಮಾನ್ರೇ. ಒಳಗೆ ಮೈಮೇಲೆ ಒಡವೆ ಇರಂಗಿಲ್ಲ."

"ಇದು ಒಡವೆ ಅಲ್ಲ ತಾಯಿ."

"ಏನಾದ್ರೂ ಆಗ್ಲಿ, ತೆಗೀಬೇಕು."

ಅಪ್ಪ ಕರಡಿಗೆಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡ. ಹುಟ್ಟಿದಾಗ ಕಟ್ಟಿದ್ದು, ಮಣ್ಣಿಗೆ ಹೋಗುವಾಗಲೂ ಜೊತೆಗೆ ಹೋಗುವುದು. ಅದನ್ನು ಬಿಚ್ಚಿಟ್ಟು ಒಳಗೆ ಹೋಗು ಎಂದರೆ ವಾಪಸು ಬರಬೇಡ ಎಂದ ಹಾಗೆ ಅವನಿಗೆ ಕೇಳಿಸಿತೆಂದು ಕಾಣುತ್ತದೆ. ನರ್ಸ್ ಕೈ ಚಾಚಿದರೂ ಮುಷ್ಟಿ ಬಿಡಿಸಲಿಲ್ಲ. ಕೊನೆಗೆ ದೊಡ್ಡ ಡಾಕ್ಟರು ಬಂದು, ಲಿಂಗವನ್ನಷ್ಟೇ ತೆಗೆದು ಆಸ್ಪತ್ರೆಯ ಶುದ್ಧ ಬಟ್ಟೆಯಲ್ಲಿ ಸುತ್ತಿ ಬಲಗೈ ಮಣಿಕಟ್ಟಿಗೆ ಕಟ್ಟಿಸಿದರು. ಖಾಲಿ ಕರಡಿಗೆಯನ್ನು ಅವ್ವ ಸೆರಗಿನ ತುದಿಗೆ ಗಂಟು ಹಾಕಿಕೊಂಡಳು.

ಬಾಗಿಲು ಮುಚ್ಚಿದ್ದು ಎಂಟು ಗಂಟೆ ಹತ್ತು ನಿಮಿಷಕ್ಕೆ. ಹತ್ತು ಗಂಟೆಗೆ ಒಬ್ಬರು ಆಯಾ ಓಡಿಕೊಂಡು ಹೋಗಿ ಎರಡು ಬಾಟಲಿ ರಕ್ತ ತಂದರು. ಹತ್ತೂ ನಲವತ್ತಕ್ಕೆ ಇನ್ನೆರಡು. ಒಳಗೆ ಏನಾಗಿದೆ ಎಂದು ಕೇಳಲು ನಾನು ಎದ್ದೆ. ಬಾಗಿಲವರೆಗೂ ಹೋಗಿ, ಉತ್ತರ ಸಿಕ್ಕರೆ ಏನು ಮಾಡುವುದೆಂದು ತಿಳಿಯದೆ ವಾಪಸು ಬಂದು ಕೂತೆ. ಅವ್ವ ಗಂಟನ್ನು ಹಿಚುಕುತ್ತಾ ತುಟಿ ಆಡಿಸುತ್ತಿದ್ದಳು. ಹನ್ನೊಂದೂ ಐವತ್ತಕ್ಕೆ ಬಾಗಿಲು ತೆರೆಯಿತು.

ಡಾಕ್ಟರ ಕೈಯಲ್ಲಿ ಸ್ಟೀಲಿನ ಟ್ರೇ ಇತ್ತು. ಅಪ್ಪ ಚೆನ್ನಾಗಿದ್ದಾನೆ ಎಂದು ಮೊದಲು ಹೇಳಿದರು. ಆಮೇಲೆ ಬಟ್ಟೆ ಸರಿಸಿ ತೋರಿಸಿದರು. ಅವ್ವ ಮುಖ ತಿರುಗಿಸಿದಳು. ನಾನು ನೋಡಿದೆ. ಕಡು ನೇರಳೆ ಬಣ್ಣ, ನುಣುಪು. ನನ್ನ ಬೆರಳಿಗೆ ಇಪ್ಪತ್ತೊಂಬತ್ತು ದಿನ ತಾಗಿದ ಅಂಚು ಒಂದು ಪಕ್ಕದಲ್ಲಿ ಹಾಗೇ ಕಾಣುತ್ತಿತ್ತು. ಒಂದು ಕೆಜಿ ಎಂಟುನೂರು ಗ್ರಾಂ ಎಂದರು. ಇದರೊಳಗೆ ಏನಿದೆ ಎಂದು ತಿಳಿಯಲು ಹತ್ತು ದಿನ ಎಂದರು.

ಹತ್ತು ದಿನದಲ್ಲಿ ಅಪ್ಪ ಎದ್ದು ಕೂತ, ನಡೆದ, ವಾರ್ಡಿನವರೊಂದಿಗೆಲ್ಲಾ ಸ್ನೇಹ ಮಾಡಿಕೊಂಡ. ಪ್ಲೇಟ್‌ಲೆಟ್ ಎರಡು ಲಕ್ಷ ದಾಟಿತು. ಅವ್ವನಿಗೆ ಎಲ್ಲಾ ಮುಗಿಯಿತು ಎಂದೇ ಲೆಕ್ಕ. ನನಗೆ ಪ್ರತಿ ಬೆಳಿಗ್ಗೆ ಎದ್ದ ಕೂಡಲೇ ಕಣ್ಣಿಗೆ ಬರುತ್ತಿದ್ದದ್ದು ಆ ಟ್ರೇ.

ಅಕ್ಟೋಬರ್ ಒಂದು, ಸೋಮವಾರ ಡಾಕ್ಟರು ನನ್ನನ್ನು ಕರೆದರು. ಲಿಂಫೋಮಾವೇ ಎಂದರು. ಗುಲ್ಮದಲ್ಲೇ ಹುಟ್ಟಿ ನಿಧಾನವಾಗಿ ಬೆಳೆಯುವ ಜಾತಿ. ಈಗ ಬೇರೆ ಔಷಧಿ ಬೇಡ, ಮೂರು ತಿಂಗಳಿಗೊಮ್ಮೆ ಬಂದು ತೋರಿಸಬೇಕು. ಇನ್ನು ಮುಂದೆ ಜ್ವರ ಬಂದರೆ ನಾಳೆ ನೋಡೋಣ ಎನ್ನುವ ಹಾಗಿಲ್ಲ. ಗುಲ್ಮ ಇಲ್ಲದವರಿಗೆ ಬೆಳಗಿನ ಜ್ವರ ಸಂಜೆಯೊಳಗೆ ಪ್ರಾಣಕ್ಕೆ ಬರಬಹುದು, ಆ ಗಂಟೆಯೇ ಹತ್ತಿರದ ಆಸ್ಪತ್ರೆಗೆ ಹೊರಡಬೇಕು. ಹೇಳಿ ಮುಗಿಸಿ ಕಾಗದವನ್ನು ನನ್ನ ಕಡೆ ತಳ್ಳಿದರು.

"ತಂದೆಗೆ ನೀನೇ ಹೇಳ್ತೀಯೋ, ನಾನು ಹೇಳ್ಲೋ? ಹೇಳೋದೇ ಬೇಡ ಅನ್ನೋರೂ ಇದ್ದಾರೆ."

"ನಾನೇ ಹೇಳ್ತೀನಿ ಸಾರ್."

ಅಪ್ಪ ಹೊರಗೆ ಬೆಂಚಿನ ಮೇಲೆ ಕೂತಿದ್ದ. ಅವ್ವ ಮಾತ್ರೆ ತರಲು ಕೆಳಗೆ ಹೋಗಿದ್ದಳು. ನಾನು ಪಕ್ಕದಲ್ಲಿ ಕೂತೆ. ಕಾಗದ ಮಡಿಸಿ ಚೀಲದೊಳಗೆ ಇಡಲು ಕೈ ಹೋಯಿತು. ಅಪ್ಪ ನೋಡಿದ.

"ಓದವ್ವ."

ಇಂಗ್ಲಿಷಿನಲ್ಲಿದ್ದದ್ದನ್ನು ಸಾಲು ಸಾಲಾಗಿ ಕನ್ನಡಕ್ಕೆ ಮಾಡಿ ಓದಿದೆ. ತೂಕ, ಉದ್ದ, ಅಗಲ, ಬಣ್ಣ. ಕೊನೆಯ ಸಾಲಿಗೆ ಬಂದು ನಿಂತೆ.

"ಬುಡಬ್ಯಾಡ. ಬರ್ದಿರೋದೆಲ್ಲಾ ಓದು."

ಓದಿದೆ. ಲಿಂಫೋಮಾ. ಕ್ಯಾನ್ಸರ್ ಅಪ್ಪ, ಎಂದೆ. ಆ ಪದವನ್ನು ಬಾಯಿಬಿಟ್ಟು ಆಡಿದ್ದು ಅದೇ ಮೊದಲು.

ಅಪ್ಪ ಎದುರಿನ ಗೋಡೆ ನೋಡುತ್ತಿದ್ದ. "ತೆಗ್ದಾಯ್ತಲ್ಲ. ಹೋದಂಗಾ ಅದು?"

"ಹೋಯ್ತು ಅಂತ ಅವರೂ ಹೇಳಿಲ್ಲ. ನಿಧಾನದ್ದಂತೆ. ಮತ್ತೆ ಬಂದ್ರೂ ಬರ್ಬೋದು, ವರ್ಷಗಟ್ಲೆ ಬರ್ದೇನೂ ಇರ್ಬೋದು ಅಂದ್ರು."

"ಹೂಂ." ನನ್ನ ಕಡೆ ತಿರುಗಿ ಕೇಳಿದ. "ನಿಂಗೆ ಯಾವಾಗಿಂದ ಗೊತ್ತು?"

"ಗೌರಿ ಹಬ್ಬದ ಹಿಂದಿನ ದಿನ ಅನುಮಾನ ಅಂದಿದ್ರು."

ಅವನು ಮನಸ್ಸಿನಲ್ಲೇ ದಿನ ಎಣಿಸಿದ್ದು ನನಗೆ ಗೊತ್ತಾಯಿತು.

"ಹಂಗಾದ್ರೆ ಚಟಿಕೆಗೆ ಮುಂಚೇನೆ."

"ಹೂಂ."

"ಹೇಳಿದ್ರೆ ನಾನು ಒಪ್ತಿರ್ಲಿಲ್ಲ ಕಣವ್ವ" ಎಂದ. ದನಿಯಲ್ಲಿ ಸಿಟ್ಟಿರಲಿಲ್ಲ.

ಕಾರಿಡಾರಿನ ತುದಿಯಲ್ಲಿ ಅವ್ವ ಮೆಟ್ಟಿಲು ಹತ್ತಿ ಬರುತ್ತಿದ್ದಳು. ಒಂದು ಕೈಯಲ್ಲಿ ಮಾತ್ರೆಯ ಕವರು, ಇನ್ನೊಂದರಲ್ಲಿ ಯಾರೋ ಕೊಟ್ಟ ಬಾಳೆಹಣ್ಣು. ದೂರದಿಂದಲೇ ನಮ್ಮಿಬ್ಬರ ಮುಖ ನೋಡಿ ನಡಿಗೆ ನಿಧಾನ ಮಾಡಿದಳು.

"ಏನಂತೆ?" ಎಂದಳು.

ಅಪ್ಪ ಹೊಲಿಗೆಯ ಮೇಲೆ ಕೈಯಿಟ್ಟುಕೊಂಡು ಪಕ್ಕಕ್ಕೆ ಜರುಗಿ ಬೆಂಚಿನಲ್ಲಿ ನಮ್ಮಿಬ್ಬರ ನಡುವೆ ಜಾಗ ಮಾಡಿದ.

"ಕೂತ್ಕೋ ಬಾ. ಮಗಳು ಹೇಳ್ತಾಳೆ."